‘ಇಸ್ಲಾಂ ಮತ್ತು ರಂಗಭೂಮಿ’ ಲೇಖನ ಕಳಿಸಿದವರಿಗೆ

ಪ್ರಿಯ ಗೆಳೆಯರೇ,

ಉಳ್ಳಾಲದಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ನಿಮಗೆ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಭಾಷೆಯೂ ಗೊತ್ತು, ರಾತ್ರಿಯಿಡೀ ಯಕ್ಷಗಾನ ಆಟ ನೋಡಿದ ಅಭ್ಯಾಸವೂ ಇದೆ. ಇದನ್ನು ಬರೆಯಬಲ್ಲವರು ನಮ್ಮ ಕಡೆ ಜಾಸ್ತಿ ಇಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ಇಸ್ಲಾಂ ಮೂರ್ತಿ, ಚಿತ್ರಗಳನ್ನು ಒಪ್ಪುವುದಿಲ್ಲ, ಆದ್ದರಿಂದ ಮುಸ್ಲಿಮರಲ್ಲಿ ನಾಟಕ ಬೆಳೆಯಲಿಲ್ಲ. 19ನೇ ಶತಮಾನದಲ್ಲಿ ಬೈರೂತಿನ ಮಾರೂನ್ ಅಲ್ ನಖ್ಖಾಶ್ ಯುರೋಪಿನ ಮಾದರಿಯ ನಾಟಕ ಆಡಿಸಿದ ಮೇಲೆ ಎಲ್ಲ ಶುರುವಾಯಿತು. ಈಗ ಕಾಲ ಬದಲಾಗಿದೆ, ಎಲ್ಲರೂ ರಂಗಕ್ಕೆ ಬರಬೇಕು.

ಪರದೆ, ವೇದಿಕೆ, ಟಿಕೆಟ್ ಇದ್ದರೆ ಮಾತ್ರ ನಾಟಕ ಎಂದು ನೀವು ಮೊದಲೇ ತೀರ್ಮಾನಿಸಿದ್ದೀರಿ. ಆ ಲೆಕ್ಕದಲ್ಲಿ ನಮ್ಮ ಬಯಲಾಟವೂ ನಾಟಕ ಅಲ್ಲ, ಅಲ್ವಾ? 13ನೇ ಶತಮಾನದಲ್ಲಿ ಮೋಸುಲ್‌ನಿಂದ ಕೈರೋಗೆ ಬಂದ ಇಬ್ನ್ ದಾನಿಯಾಲ್ ಕಣ್ಣಿನ ವೈದ್ಯ. ಅವನು ಬರೆದ ಮೂರು ನೆರಳುಗೊಂಬೆ ನಾಟಕಗಳು ಇವತ್ತಿಗೂ ಉಳಿದಿವೆ. ಹಾವಾಡಿಗ, ಜ್ಯೋತಿಷಿ, ನಕಲಿ ಮದ್ದು ಮಾರುವವನು, ಹೀಗೆ ಸಂತೆಯ ಜನರೇ ಅಲ್ಲಿ ಪಾತ್ರಗಳು. ತುರ್ಕಿಯಲ್ಲಿ ಕರಗೋಜ್ ಎಂಬ ತೊಗಲುಗೊಂಬೆ ಆಟವಿದೆ. ಅದಕ್ಕೆ ಜನ ಅತಿ ಹೆಚ್ಚು ಸೇರುತ್ತಿದ್ದದ್ದು ರಂಜಾನ್ ತಿಂಗಳ ರಾತ್ರಿಗಳಲ್ಲಿ. ಉಪವಾಸ ಬಿಟ್ಟ ಮೇಲೆ ಕಾಫಿ ಅಂಗಡಿಯಲ್ಲಿ ಕೂತು ನಗುತ್ತಿದ್ದವರು ಧರ್ಮ ಬಿಟ್ಟವರಲ್ಲ. ಈ ಎರಡೂ ನಿಮ್ಮ ಲೇಖನದಲ್ಲಿಲ್ಲ.

ಇರಾನಿನ ತಾಜಿಯೆ ಎಂಬ ಶೋಕದ ನಾಟಕದ ಬಗ್ಗೆ ಬರೆದಿದ್ದೀರಿ, ಆದರೆ ನಾಲ್ಕೇ ಸಾಲು. ಲೇಖನದ ಜೀವ ಇರಬೇಕಾದದ್ದೇ ಅಲ್ಲಿ. ಪ್ರವಾದಿಯವರ ಮೊಮ್ಮಗ ಹುಸೇನ್ 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಕಥೆಯನ್ನು ಅಲ್ಲಿ ಆಡುತ್ತಾರೆ. ಯುನೆಸ್ಕೊ 2010ರಲ್ಲಿ ಅದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ಹೇಗೆ ಆಡುತ್ತಾರೆ ಅನ್ನುವುದನ್ನು ನೋಡಿ. ಹುಸೇನರ ಕಡೆಯವರು ಹಸಿರು ತೊಟ್ಟು ಹಾಡುತ್ತಾರೆ. ವೈರಿಗಳು ಕೆಂಪು ತೊಟ್ಟು ಒರಟಾಗಿ ಮಾತಾಡುತ್ತಾರೆ, ಹಾಡುವುದಿಲ್ಲ. ಎಷ್ಟೋ ಕಡೆ ಪಾತ್ರಧಾರಿಯ ಕೈಯಲ್ಲಿ ಮಾತು ಬರೆದ ಚೀಟಿ ಇರುತ್ತದೆ. ಮಾತು ಬಾಯಿಗೆ ಬರದೆ ಅಲ್ಲ. ನಾನು ಹುಸೇನ್ ಅಲ್ಲ, ಅವರ ಮಾತನ್ನು ಓದಿ ಹೇಳುವವನು ಮಾತ್ರ ಎಂದು ಅದು ಎಲ್ಲರಿಗೂ ಕಾಣಿಸುತ್ತದೆ. ಹುಸೇನರನ್ನು ಕೊಲ್ಲುವ ಶಿಮ್ರನ ಪಾತ್ರಧಾರಿ ಕತ್ತಿ ಎತ್ತುವಾಗ ತಾನೇ ಅತ್ತುಬಿಡುವುದೂ ಉಂಟು.

ನಿಮ್ಮ ವಿಷಯದ ನಿಜವಾದ ಪ್ರಶ್ನೆ ಇದು ಎಂದು ನನಗೆ ಅನಿಸುತ್ತದೆ. ಪಾತ್ರ ಮಾಡುವವನು ಆ ಪಾತ್ರವೇ ಆಗುತ್ತಾನಾ? ಉಸ್ತಾದರ, ಅಂದರೆ ಮುಸ್ಲಿಂ ಧರ್ಮಗುರುಗಳ ಆಕ್ಷೇಪಗಳಲ್ಲಿ ಒಂದು ಇದರ ಸುತ್ತಲೇ ಇದೆ. ಪೂಜ್ಯರ ವೇಷವನ್ನು ಸಾಮಾನ್ಯ ಮನುಷ್ಯ ಹಾಕಬಹುದೇ, ಇಲ್ಲದ್ದನ್ನು ಇದೆ ಎಂದು ಆಡಿ ತೋರಿಸುವುದು ಸರಿಯೇ ಎಂದು ಅವರು ಕೇಳುತ್ತಾರೆ. ನೀವು ಅವರನ್ನು ‘ಹಳೆಯ ಕಾಲದವರು’ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಟ್ಟಿದ್ದೀರಿ. ಅದು ಅನ್ಯಾಯ. ನಿಮ್ಮೂರಿನ ಒಬ್ಬ ಉಸ್ತಾದರ ಹತ್ತಿರ ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿ ಬರೆಯಿರಿ. ಅವರ ಮಾತು ಗಟ್ಟಿಯಾಗಿ ಬಂದರೆ ಮಾತ್ರ ನಿಮ್ಮ ಉತ್ತರಕ್ಕೂ ತೂಕ ಬರುತ್ತದೆ.

ಇನ್ನೊಂದು ಎಚ್ಚರಿಕೆ. ತಾಜಿಯೆ ಶಿಯಾ ಮುಸ್ಲಿಮರದ್ದು. ನಮ್ಮ ಬ್ಯಾರಿಗಳು ಶಾಫಿ ಪಂಥದ ಸುನ್ನಿಗಳು. ‘ಅಲ್ಲಿ ಆಡುತ್ತಾರೆ, ಇಲ್ಲಿ ಯಾಕಿಲ್ಲ’ ಎಂದು ಕೇಳಿದರೆ ಯಾರೂ ಒಪ್ಪುವುದಿಲ್ಲ. ಕರ್ಬಲಾದ ಕಥೆ ಕನ್ನಡದಲ್ಲಿ ಬೇಕಿದ್ದರೆ ವಿಜಯಪುರ, ರಾಯಚೂರು ಕಡೆಯ ಮೊಹರಂ ನೋಡಿ. ಅಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವವರಲ್ಲಿ, ಮೊಹರಂನ ಅಲಾಯಿ ಕುಣಿತ ಕುಣಿಯುವವರಲ್ಲಿ ಹಿಂದೂಗಳೂ ಇದ್ದಾರೆ.

ಇನ್ನು ನಮ್ಮ ಕರಾವಳಿ. ಮಾರಾಯ್ರೆ, ಇಲ್ಲೇ ಇದ್ದುಕೊಂಡು ತಾಳಮದ್ದಳೆಯನ್ನು ಹೇಗೆ ಬಿಟ್ಟಿರಿ? ಅದೂ ಯಕ್ಷಗಾನವೇ, ಆದರೆ ಅಲ್ಲಿ ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲಿಂದಲೇ ಪಾತ್ರದ ಮಾತಾಡುತ್ತಾರೆ. ಜಬ್ಬಾರ್ ಸಮೋ ಸಂಪಾಜೆಯವರು ಪುರಾಣದ ಪಾತ್ರಗಳಿಗೆ ಅರ್ಥ ಹೇಳಿ ಹೆಸರು ಮಾಡಿದವರು. ಅವರ ಹೆಸರು ನಿಮ್ಮ ಲೇಖನದಲ್ಲಿ ‘ಸೌಹಾರ್ದದ ಸಂಕೇತ’ ಎಂದು ಒಮ್ಮೆ ಬಂದು ಹೋಗುತ್ತದೆ. ಅವರು ಸಂಕೇತ ಅಲ್ಲ, ಕಲಾವಿದರು. ವಾದ ಹೇಗೆ ಕಟ್ಟುತ್ತಾರೆ, ಎದುರಿನ ಅರ್ಥಧಾರಿಗೆ ಹೇಗೆ ಉತ್ತರ ಕೊಡುತ್ತಾರೆ ಎಂದು ಒಂದು ಕೂಟ ಪೂರ್ತಿ ಕೇಳಿ ಬರೆಯಿರಿ. ಚೀಟಿ ಹಿಡಿದ ಇರಾನಿನ ಪಾತ್ರಧಾರಿಗೂ ವೇಷವಿಲ್ಲದ ನಮ್ಮ ಅರ್ಥಧಾರಿಗೂ ಏನೋ ಹೋಲಿಕೆ ಇದೆ. ಇಬ್ಬರೂ ಪಾತ್ರದಿಂದ ಒಂದು ಹೆಜ್ಜೆ ದೂರ ನಿಂತಿದ್ದಾರೆ. ಹಾಗಿದ್ದೂ ಜನ ಅಳುತ್ತಾರೆ, ಸಿಟ್ಟಾಗುತ್ತಾರೆ. ನಿಮ್ಮ ಲೇಖನ ಇಲ್ಲಿಗೆ ಬಂದು ನಿಲ್ಲಬೇಕು.

ಗಿರೀಶ ಕಾರ್ನಾಡರ 1964ರ ‘ತುಘಲಕ್’ ಬಗ್ಗೆ ನೀವು ಬರೆದ ಪ್ಯಾರಾ ಬರೀ ಕಥಾಸಾರ. ಬೇಕಿದ್ದರೆ ನಮಾಜಿನ ಹೊತ್ತಿಗೆ ಸುಲ್ತಾನನನ್ನು ಕೊಲ್ಲಲು ಬರುವ ಆ ದೃಶ್ಯ ಒಂದನ್ನೇ ಇಟ್ಟುಕೊಳ್ಳಿ. ರಂಗದ ಮೇಲೆ ನಟ ಮಾಡುವ ನಮಾಜು ನಮಾಜೇ? ಮತ್ತೆ ಅದೇ ಪ್ರಶ್ನೆ.

ಇಡೀ ಲೇಖನದಲ್ಲಿ ಒಬ್ಬ ಹೆಂಗಸೂ ಇಲ್ಲ. ಪಕ್ಕದ ಮಲಬಾರಿನಲ್ಲಿ ನಿಲಂಬೂರ್ ಆಯಿಷಾ 1950ರ ದಶಕದಲ್ಲಿ ರಂಗ ಹತ್ತಿದಾಗ ಅವರ ಮೇಲೆ ಗುಂಡು ಹಾರಿಸಿದರು. ಅದಕ್ಕೆ ಹೆದರಿ ಅವರು ಅಭಿನಯ ಬಿಡಲಿಲ್ಲ. ಇದನ್ನು ಬಿಟ್ಟು ‘ಈಗ ಕಾಲ ಬದಲಾಗಿದೆ’ ಎಂದು ಬರೆದರೆ ಓದುಗರು ನಂಬುವುದಿಲ್ಲ.

ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ. ‘ಕಲೆಗೆ ಧರ್ಮದ ಹಂಗಿಲ್ಲ’ ಎಂಬ ಸಾಲು ಅಲ್ಲಿ ಮೂರು ಸಲ ಬಂದಿದೆ. ನಿಮ್ಮ ಮೊದಲ ಪುಟವೇ ಅದನ್ನು ಒಪ್ಪುವುದಿಲ್ಲ.

ಆ ಜಾಗದಲ್ಲಿ ಬಪ್ಪ ಬ್ಯಾರಿಯನ್ನು ತನ್ನಿ. ಮೂಲ್ಕಿಯ ಬಪ್ಪನಾಡಿನ ದೇವಿ ದೇವಸ್ಥಾನ ಕಟ್ಟಿಸಿದ ಎಂದು ಐತಿಹ್ಯ ಹೇಳುವ ವ್ಯಾಪಾರಿ ಅವನು. ಆ ಕ್ಷೇತ್ರ ಮಹಾತ್ಮೆಯ ಯಕ್ಷಗಾನ ಪ್ರಸಂಗದಲ್ಲಿ ಅವನು ರಂಗಕ್ಕೆ ಬಂದ ಕೂಡಲೇ ಜನ ನಗುತ್ತಾರೆ. ಆ ನಗು ಯಾವುದು? ಪ್ರೀತಿಯದೇ, ಬ್ಯಾರಿಯ ಮಾತಿನ ಧಾಟಿಯನ್ನು ಅಣಕಿಸಿದ್ದರ ನಗುವೇ? ಆಟ ನೋಡಲು ಬಂದ ಬ್ಯಾರಿಗೆ ಏನನಿಸುತ್ತದೆ? ಇದನ್ನು ನಾನು ಬರೆದರೆ ಊಹೆ ಆಗುತ್ತದೆ. ನೀವು ನಿಮ್ಮ ಮನೆಯ ಹಿರಿಯರನ್ನೇ ಕೇಳಬಹುದು.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯುತ್ತದೆ. ಅದರೊಳಗೆ ಆ ಪಾತ್ರ ಮಾಡಿದ ಒಬ್ಬರಿಬ್ಬರು ಕಲಾವಿದರನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ಕಂಡು ಮಾತಾಡಿ. ಬಪ್ಪ ಬ್ಯಾರಿಯ ಭಾಗ ಮೊದಲು ಬರೆದು ಕಳಿಸಿ, ಉಳಿದದ್ದು ಆಮೇಲೆ.

ವಿಶ್ವಾಸದಿಂದ,
ಸಂಪಾದಕ, ಉಡುಪಿ