ಜಾತ್ರೆಯ ನಲವತ್ತು ಸೆಕೆಂಡು

ತಿಪಟೂರು ಸೀಮೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಪತಿ ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದ ಹಮಾಲಿ. ಎರಡು ವರ್ಷಗಳ ಹಿಂದೆ ಲಾರಿ ಗುದ್ದಿ ಬಲ ತೊಡೆಯ ಮೂಳೆ ಮುರಿಯಿತು, ಒಳಗೆ ರಾಡು ಹಾಕಿದ್ದಾರೆ. ಪರಿಹಾರದ ಮೊಕದ್ದಮೆ ನಡೆಯುತ್ತಿದೆ. ಮೊನ್ನೆ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಒಂದು ವಿಡಿಯೊ ತೋರಿಸಿದರು. ಊರ ಜಾತ್ರೆಯಲ್ಲಿ ಪತಿ ಹೆಗಲ ಮೇಲೆ ಕೊಡ ಹೊತ್ತು ನಡೆಯುತ್ತಿದ್ದಾರೆ, ನಲವತ್ತು ಸೆಕೆಂಡು. ಅದಕ್ಕೆ ಕೆಲವು ದಿನ ಮುಂಚೆ, ನಿವೇಶನ ನೋಡಲು ಬಂದವನೆಂದು ಹೇಳಿಕೊಂಡ ಅಪರಿಚಿತನೊಬ್ಬ ಮನೆಯ ಜಗಲಿಯಲ್ಲಿ ಕಾಫಿ ಕುಡಿದು, ಕಾಲಿನ ವಿಚಾರ ಕೇಳಿಕೊಂಡು ಹೋಗಿದ್ದ. ಮಗಳು ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೊ ಕೂಡ ಕಡತ ಸೇರಿದೆ. “ಕಾಲು ಮುರಿದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ನಾವೇನು ಕಳ್ಳರೇ? ಇದನ್ನು ತಡೆಯುವ ಕಾನೂನಿಲ್ಲವೇ?”

ಸಹೋದರಿ,

ನನಗೆ ವಿಡಿಯೊಗಿಂತ ಹೆಚ್ಚು ಸಿಟ್ಟು ಬಂದದ್ದು ಆ ಕಾಫಿಯ ಬಗ್ಗೆ. ಬಂದವರಿಗೆ ಕಾಫಿ ಕೊಡುವುದು ನಮ್ಮ ಕಡೆ ಯೋಚಿಸಿ ಮಾಡುವ ಕೆಲಸವಲ್ಲ. ಅದನ್ನು ಕುಡಿಯುತ್ತಲೇ ಮನೆಯವರ ಬಾಯಿ ಬಿಡಿಸಿದವನು ಜಾತ್ರೆಯಲ್ಲಿ ಮೊಬೈಲು ಹಿಡಿದು ನಿಂತವನಿಗಿಂತ ದೊಡ್ಡ ತಪ್ಪು ಮಾಡಿದ್ದಾನೆ ಎಂಬುದು ನನ್ನ ಎಣಿಕೆ. ಆದರೆ ಸಿಟ್ಟಿನಿಂದ ಮೊಕದ್ದಮೆ ಗೆಲ್ಲಲಾಗುವುದಿಲ್ಲ. ಹಾಗಾಗಿ ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕದ್ದು ತೆಗೆದದ್ದು ಎಂಬ ಒಂದೇ ಕಾರಣಕ್ಕೆ ಆ ವಿಡಿಯೊ ಕಸದ ಬುಟ್ಟಿಗೆ ಹೋಗುವ ಸಾಧ್ಯತೆ ಕಡಿಮೆ.

ಹಕ್ಕು ಇಲ್ಲವೆಂದಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗಕ್ಕೆ ಕಾಲಿಟ್ಟ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳಚಿ ಬೀಳುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಆದರೆ ಸಾಕ್ಷ್ಯದ ವಿಚಾರದಲ್ಲಿ ನಮ್ಮ ನ್ಯಾಯಾಲಯಗಳು ಐವತ್ತು ವರ್ಷಗಳಿಂದ ಹಿಡಿದಿರುವ ದಾರಿಯೇ ಬೇರೆ. ಸಾಕ್ಷ್ಯ ಹೇಗೆ ಸಿಕ್ಕಿತು ಎಂಬುದು ಒಂದು ಪ್ರಶ್ನೆ, ಅದು ವಿಷಯಕ್ಕೆ ಸಂಬಂಧಪಟ್ಟಿದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೌದೆಂದರೆ ಮೊದಲನೆಯದು ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ. 2025ರ ಜುಲೈಯಲ್ಲಿ, ಗಂಡ ಹೆಂಡತಿಯ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು ಆ ಸಾಕ್ಷ್ಯವನ್ನು ಒಪ್ಪಬಹುದೆಂದೇ ಹೇಳಿತು.

ಇನ್ನುಳಿದ ಕಾನೂನುಗಳಲ್ಲೂ ಆಸರೆ ತೆಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಕಾನೂನಿನ ಹಕ್ಕು ಅಥವಾ ಕ್ಲೇಮಿನ ಸಾಧನೆಗೆ ಬೇಕಾದ ಮಾಹಿತಿಗೆ ಹಲವು ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿದೆ. ತಾವೇ ಎಲ್ಲರಿಗೂ ಕಾಣುವಂತೆ ಹಾಕಿದ ಫೋಟೊವನ್ನು ಅದು ಮುಟ್ಟುವುದೇ ಇಲ್ಲ. ಹಿಂದೆ ಬೀಳುವುದನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹೆಂಗಸರ ರಕ್ಷಣೆಗಷ್ಟೇ ಇದೆ, ನಿಮ್ಮ ಯಜಮಾನರಿಗೆ ಒದಗದು. ಖಾಸಗಿ ಪತ್ತೇದಾರರಿಗೆ ಲಗಾಮು ಹಾಕಲು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ಗೇಟಿನಲ್ಲಿ ನಿಲ್ಲುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿಗೆ ಪರವಾನಗಿ ಬೇಕು. ನಿಮ್ಮ ಜಗಲಿಗೆ ಬಂದು ಸುಳ್ಳು ಹೇಳಿದವನಿಗೆ ಅಂಥ ಪರವಾನಗಿಯ ಕಾಯ್ದೆ ಇಲ್ಲ.

ಒಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ನಾವೇ ಕಂತು ಕಟ್ಟಿ ಕೊಂಡ ಆರೋಗ್ಯ ವಿಮೆಯಲ್ಲಿ, ಆಸ್ಪತ್ರೆಯಿಂದ ದಾಖಲೆ ತರಿಸಿಕೊಳ್ಳಲು ಕಂಪನಿಗೆ ಒಪ್ಪಿಗೆ ಕೊಡುವ ಸಾಲಿಗೆ ಅರ್ಜಿಯಲ್ಲೇ ಸಹಿ ಹಾಕಿರುತ್ತೇವೆ. ನಿಮ್ಮ ಯಜಮಾನರು ಯಾವುದಕ್ಕೂ ಸಹಿ ಹಾಕಿಲ್ಲ. ಪಾಲಿಸಿ ಲಾರಿಯ ಮಾಲೀಕನದು. ಕಂಪನಿಯ ಲೆಕ್ಕದಲ್ಲಿ ಇವರು ಮೂರನೇ ವ್ಯಕ್ತಿ. ಗ್ರಾಹಕರಲ್ಲದ್ದರಿಂದ, ಪಾಲಿಸಿದಾರರ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗುವ ದಾರಿ ಇವರಿಗಿಲ್ಲ. ಆದರೆ ಚಿಕಿತ್ಸೆಯ ಕಾಗದಪತ್ರಗಳನ್ನು ಆಸ್ಪತ್ರೆಯಿಂದ ನೇರವಾಗಿ ಪಡೆಯಲು ಇವರು ಕಂಪನಿಗೆ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಆಸ್ಪತ್ರೆಯವರು ಯಾರಿಗಾದರೂ ಕೇಸ್ ಶೀಟು ತೋರಿಸಿದ್ದರೆ ವೈದ್ಯರ ನೀತಿಸಂಹಿತೆಯ ಪ್ರಕಾರ ಅದು ತಪ್ಪು, ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ಇನ್ನೂ ತೆಗೆದುಕೊಂಡಿಲ್ಲವಾದರೆ ಈ ವಾರವೇ ತೆಗೆದುಕೊಳ್ಳಿ.

ನಿಮ್ಮದೇ ಸಂಗತಿ ಸ್ವಿಟ್ಜರ್ಲೆಂಡಿನಲ್ಲಿ ನಡೆದಿದೆ. 1995ರಲ್ಲಿ ಮೋಟಾರ್ ಬೈಕು ಗುದ್ದಿದ ಒಬ್ಬ ಹೆಂಗಸಿನ ಹಿಂದೆ ಅಪಘಾತ ವಿಮೆಯ ಕಂಪನಿ 2006ರಲ್ಲಿ ಪತ್ತೇದಾರರನ್ನು ಬಿಟ್ಟಿತು. ಆಕೆ ನಾಯಿ ಕರೆದುಕೊಂಡು ಓಡಾಡುವುದು, ಅಂಗಡಿಗೆ ಹೋಗುವುದು ಎಲ್ಲವನ್ನೂ ಅವರು ಚಿತ್ರೀಕರಿಸಿದರು. ಹತ್ತು ವರ್ಷದ ನಂತರ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸ್ಪಷ್ಟ ಕಾನೂನಿಲ್ಲದೆ ಹೀಗೆ ಹಿಂಬಾಲಿಸಿದ್ದು ಆಕೆಯ ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಎಂದಿತು. ಜೊತೆಗೆ, ಆ ಸಾಕ್ಷ್ಯವನ್ನು ಬಳಸಿದ್ದರಿಂದ ವಿಚಾರಣೆ ಅನ್ಯಾಯದ್ದಾಗಲಿಲ್ಲ ಎಂದೂ ಹೇಳಿತು! ಹಕ್ಕು ಮುರಿದದ್ದು ನಿಜ, ವಿಡಿಯೊ ಉಳಿದದ್ದೂ ನಿಜ. ಆಮೇಲೆ ಸ್ವಿಸ್ ಜನರೇ 2018ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 65ರಂತೆ ಪತ್ತೇದಾರಿಕೆಗೆ ಒಪ್ಪಿಗೆ ಕೊಟ್ಟರು. ಆದರೆ ಕಟ್ಟು ಹಾಕಿ ಕೊಟ್ಟರು: ಆರು ತಿಂಗಳಲ್ಲಿ ಹೆಚ್ಚೆಂದರೆ 20 ದಿನ, ಅದೂ ಸಾರ್ವಜನಿಕ ಜಾಗದಿಂದ ಸಲೀಸಾಗಿ ಕಾಣುವುದನ್ನಷ್ಟೇ. ನಮಗೂ ಇಂಥದ್ದೊಂದು ಕಟ್ಟು ಬೇಕೆಂಬುದು ನನ್ನ ಅಭಿಪ್ರಾಯ. ಪತ್ತೇದಾರಿಕೆಯೇ ಬೇಡವೆಂದು ನಾನು ಹೇಳಲಾರೆ. ಆಗದ ಅಪಘಾತಕ್ಕೆ ವಾಹನ ಹುಡುಕಿ ಕೂಡಿಸುವವರು, ಕೇಳಿದಷ್ಟು ಶೇಕಡಾ ಊನ ಬರೆದುಕೊಡುವ ವೈದ್ಯರು ಇದ್ದಾರೆ. ಅವರ ಪಾಪದ ಫಲವನ್ನೇ ನೀವು ಉಣ್ಣುತ್ತಿರುವುದು.

ಈಗ ಮುಂದಿನ ವಾಯಿದೆಯ ಮಾತು. ನಿಮ್ಮ ವಕೀಲರು “ಖಾಸಗಿತನ” ಎಂದು ಒಂದು ಸಾಲು ಆಕ್ಷೇಪ ದಾಖಲಿಸಲಿ, ಆದರೆ ಅಲ್ಲಿಯೇ ನಿಲ್ಲುವುದು ಬೇಡ. ಅದನ್ನು ಯಾವ ಸಾಧನದಲ್ಲಿ, ಹೇಗೆ ತೆಗೆದರೆಂದು ದೃಢೀಕರಿಸುವ ಪ್ರಮಾಣಪತ್ರ ವಿಡಿಯೊ ಜೊತೆ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ, 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಸೆಕ್ಷನ್. ಅಪಘಾತ ನ್ಯಾಯಮಂಡಳಿಯದು ಸಂಕ್ಷಿಪ್ತ ವಿಚಾರಣೆ, ಎಲ್ಲ ಕಟ್ಟಳೆಯನ್ನೂ ಅಕ್ಷರಶಃ ಹಿಡಿಯದಿರಬಹುದು. ಆದರೂ ಆಕ್ಷೇಪವನ್ನು ಆ ಕ್ಷಣದಲ್ಲೇ ಎತ್ತಬೇಕು. ತುಣುಕಲ್ಲ, ತೆಗೆದಷ್ಟೂ ವಿಡಿಯೊ ಹಾಜರುಪಡಿಸಿ ಎಂದು ಕೇಳಲಿ. ಮೂರು ದಿನ ಬೆನ್ನು ಹತ್ತಿ ನಲವತ್ತು ಸೆಕೆಂಡು ತಂದಿದ್ದರೆ, ಉಳಿದ ಹೊತ್ತೆಲ್ಲ ನಿಮ್ಮ ಯಜಮಾನರು ಕುಂಟುತ್ತಿದ್ದರು ಎಂದೇ ಅರ್ಥವಿರಬಹುದಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು 2011ರಲ್ಲಿ ವರದಿಯಾದ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದ ತೀರ್ಪು. ಕಾಲಿಗೆ ಇಷ್ಟು ಶೇಕಡಾ ಊನ ಎಂದ ಮಾತ್ರಕ್ಕೆ ಗಳಿಕೆಯ ನಷ್ಟವೂ ಅಷ್ಟೇ ಎಂದಲ್ಲ, ಆ ಮನುಷ್ಯ ಮಾಡುತ್ತಿದ್ದ ಕೆಲಸ ಯಾವುದು ಎಂದು ನೋಡಬೇಕು ಎಂದಿತು ಸುಪ್ರೀಂ ಕೋರ್ಟು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಅದೇ ಸರ್ಕಾರಿ ಗುಮಾಸ್ತನಾದರೆ ಕೆಲಸವೇ ಹೋಗದಿರಬಹುದು. ನಿಮ್ಮವರು ಹಮಾಲಿ. ನ್ಯಾಯಮಂಡಳಿ ನೋಡಬೇಕಾದದ್ದು ಅವರು ಒಂದು ಕೊಡ ಎತ್ತಬಲ್ಲರೇ ಎಂಬುದನ್ನಲ್ಲ. ಬೆಳಗಿನಿಂದ ಸಂಜೆಯವರೆಗೆ ಮೂಟೆ ಹೊತ್ತು ಲಾರಿಯ ಹಲಗೆ ಹತ್ತಿ, ನಾಳೆ ಮತ್ತೆ ಅದೇ ಕೆಲಸಕ್ಕೆ ಎದ್ದು ಬರಬಲ್ಲರೇ ಎಂಬುದನ್ನು. ಇದನ್ನು ಹೇಳಲು ವೈದ್ಯರು ಬರಲಿ, ಜೊತೆಗೆ ದುಡಿದ ಒಬ್ಬ ಹಮಾಲಿಯೂ ಬರಲಿ.

ಮಗಳಿಗೆ ಫೋಟೊ ಅಳಿಸಲು ಹೇಳಬೇಡಿ. ಈಗ ಅಳಿಸಿದರೆ ಮುಚ್ಚಿಡಲು ಹೋದಂತೆ ಕಾಣುತ್ತದೆ. ಆ ಹುಡುಗಿಯನ್ನು ಬೈಯಬೇಡಿ ಕೂಡ.

ಕಡೆಯದಾಗಿ, ಕಾಫಿ ಕುಡಿದು ಹೋದವನನ್ನೇ ಸಾಕ್ಷಿಕಟ್ಟೆಗೆ ಕರೆಸಲು ಒತ್ತಾಯಿಸಿ. ಯಾವ ಹೆಸರು ಹೇಳಿಕೊಂಡು ಬಂದೆ, ದಿನಕ್ಕೆ ಎಷ್ಟು ಕೊಟ್ಟರು, ಎಷ್ಟು ದಿನ ಹಿಂದೆ ತಿರುಗಿದೆ ಎಂದು ನಿಮ್ಮ ವಕೀಲರು ಕೇಳಲಿ. ಕೊಡದಲ್ಲಿ ನೀರಿತ್ತೇ ಎಂದೂ ಕೇಳಲಿ. ಅದನ್ನು ನೀವೂ ನನಗೆ ಬರೆದಿಲ್ಲ. ತುಂಬಿತ್ತಾದರೆ ಹೌದು ತುಂಬಿತ್ತು, ದೇವರಿಗೆಂದು ಹೊತ್ತರು, ಮರುದಿನ ಏಳಲಿಲ್ಲ, ಹೀಗೆ ಇದ್ದದ್ದನ್ನು ಇದ್ದಂತೆ ನಿಮ್ಮ ಯಜಮಾನರೇ ಹೇಳಲಿ.

— ಸಂಪಾದಕ