ಸಣ್ಣ ಪರಿಸರವಾದಿ ಪಕ್ಷಕ್ಕೆ ಹಾಕಿದ ಮತ ವ್ಯರ್ಥವೇ?

ಪರಿಸರವನ್ನೇ ಮುಖ್ಯ ವಿಷಯವಾಗಿಸಿಕೊಂಡ ಸಣ್ಣ ಪಕ್ಷಕ್ಕೆ ಮತ ಹಾಕುವ ಮನಸ್ಸಿದೆ, ಆದರೆ ಮನೆಯವರು ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದೇ ತೊಳಲಾಟವನ್ನು ನಾನು ಎರಡು ಚುನಾವಣೆಗಳಲ್ಲಿ ಅನುಭವಿಸಿದ್ದೇನೆ. ಒಮ್ಮೆ ಆ ಪಕ್ಷಕ್ಕೆ ಹಾಕಿದೆ, ಒಮ್ಮೆ ಹಾಕಲಿಲ್ಲ. ಎರಡಕ್ಕೂ ಪಶ್ಚಾತ್ತಾಪವಿಲ್ಲ.

ಪಕ್ಷಕ್ಕಿಂತ ಮೊದಲು ಮತ ಎಣಿಸುವ ಪದ್ಧತಿಯನ್ನು ನೋಡಿ. ಜರ್ಮನಿಯಲ್ಲಿ ಶೇ 5ರ ಗೆರೆ ದಾಟಿದ ಪಕ್ಷಕ್ಕೆ ಮತಗಳ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗುತ್ತದೆ. 1980ರಲ್ಲಿ ಹುಟ್ಟಿದ ಅಲ್ಲಿನ ಗ್ರೀನ್ ಪಕ್ಷ 1983ರಲ್ಲಿ ಶೇ 5.6ರಷ್ಟು ಮತ ಪಡೆದು ಸಂಸತ್ತಿಗೆ ಕಾಲಿಟ್ಟಿತು. 1998ರಲ್ಲಿ ಸರ್ಕಾರದಲ್ಲೇ ಪಾಲು ಪಡೆಯಿತು. ಬ್ರಿಟನ್ನಿನಲ್ಲಿ ಹಾಗಲ್ಲ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದವರೇ ಗೆದ್ದಂತೆ. 2015ರಲ್ಲಿ ಅಲ್ಲಿನ ಗ್ರೀನ್ ಪಕ್ಷಕ್ಕೆ 11 ಲಕ್ಷಕ್ಕೂ ಹೆಚ್ಚು ಮತ ಬಿದ್ದರೂ ಸಿಕ್ಕಿದ್ದು ಒಂದೇ ಸ್ಥಾನ. ಇನ್ನು ಆಸ್ಟ್ರೇಲಿಯಾದ ಮತದಾರರು ಸಣ್ಣ ಪಕ್ಷಕ್ಕೆ 1, ಒಪ್ಪಬಹುದಾದ ದೊಡ್ಡ ಪಕ್ಷಕ್ಕೆ 2 ಎಂದು ಬರೆಯಬಹುದು. ಮೊದಲನೆಯವರು ಕಣದಿಂದ ಹೊರಬಿದ್ದರೆ ಮತ ಎರಡನೆಯವರಿಗೆ ದಾಟುತ್ತದೆ. ಅಂಥ ಪದ್ಧತಿ ನಿಮ್ಮಲ್ಲಿದ್ದರೆ ಯೋಚನೆಯೇ ಬೇಡ, ಮನಸ್ಸಿಗೆ ಬಂದವರಿಗೆ ಹಾಕಿ.

ಬ್ರಿಟನ್ನಿನ ಬಗೆಯದಾದರೆ ಒಂದು ಕಳೆಯುವ ಲೆಕ್ಕ ಮಾಡಲೇಬೇಕು. ನಾನು ಆ ಪಕ್ಷಕ್ಕೆ ಹಾಕದೆ ಉಳಿದದ್ದು ಈ ಲೆಕ್ಕದಿಂದಲೇ. ಹಿಂದಿನ ಫಲಿತಾಂಶದ ಹಾಳೆ ತೆಗೆದು, ಗೆದ್ದವರ ಮತದಿಂದ ಎರಡನೆಯವರ ಮತ ಕಳೆದೆ. ಅಂತರ ಕೆಲವೇ ನೂರು. ಪರಿಸರವಾದಿ ಪಕ್ಷಕ್ಕೆ ಬಿದ್ದಿದ್ದ ಮತ ಅದರ ಎಷ್ಟೋ ಪಟ್ಟು. ಹಣಾಹಣಿಯಲ್ಲಿದ್ದ ಇಬ್ಬರಲ್ಲಿ ಒಬ್ಬರು ಕಾಡನ್ನು ಗಣಿಗೆ ಬಿಟ್ಟುಕೊಡುತ್ತೇವೆಂದು ಬಹಿರಂಗವಾಗಿಯೇ ಹೇಳುತ್ತಿದ್ದರು. ಅವರನ್ನು ತಡೆಯುವುದು ನನಗೆ ಮುಖ್ಯವಾಯಿತು. 2000ದ ಅಮೆರಿಕದ ಚುನಾವಣೆಯೂ ನೆನಪಾಯಿತು: ಫ್ಲಾರಿಡಾದಲ್ಲಿ ಬುಷ್ ಗೆದ್ದ ಅಂತರ 537, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಬಿದ್ದ ಮತ 97,488. ಆ ಮತಗಳೆಲ್ಲ ಬುಷ್ ಎದುರು ಸೋತ ಗೋರ್ ಅವರಿಗೇ ಹೋಗುತ್ತಿದ್ದವು ಎನ್ನಲಾಗದು, ನಿಜ. ಆದರೂ ಆ ಎರಡು ಅಂಕಿಗಳು ಕಣ್ಣೆದುರಿಗಿದ್ದಾಗ ನನಗೆ ಧೈರ್ಯ ಬರಲಿಲ್ಲ.

ಮುಂದಿನ ಸಲ ಅಂತರ ದೊಡ್ಡದಿತ್ತು, ಯಾರು ಗೆಲ್ಲುತ್ತಾರೆಂಬುದು ಮೊದಲೇ ತಿಳಿದಿತ್ತು. ಆಗ ಪ್ರಣಾಳಿಕೆಯನ್ನು ಪೆನ್ಸಿಲ್ ಹಿಡಿದು ಓದಿದೆ. "ಹಸಿರು", "ಮುಂದಿನ ಪೀಳಿಗೆ" ಎಂಬ ಮಾತುಗಳಿದ್ದಲ್ಲೆಲ್ಲ ಅಂಚಿನಲ್ಲಿ "ಹೇಗೆ?" ಎಂದು ಬರೆದೆ. ಆ ಪುಸ್ತಿಕೆ ಹಿಡಿದುಕೊಂಡೇ ಅಭ್ಯರ್ಥಿಯ ಸಭೆಗೆ ಹೋಗಿ, ಗಣಿ ಮುಚ್ಚಿದರೆ ಅಲ್ಲಿ ದುಡಿಯುವವರ ಗತಿಯೇನು ಎಂದು ಕೇಳಿದೆ. ಆಕೆ ತಡವರಿಸಲಿಲ್ಲ, ಭಾಷಣವನ್ನೂ ಮಾಡಲಿಲ್ಲ. "ಇದಕ್ಕೆ ನಮ್ಮಲ್ಲಿ ಇನ್ನೂ ಪೂರ್ತಿ ಉತ್ತರವಿಲ್ಲ" ಎಂದು ಪ್ರಶ್ನೆಯನ್ನು ಬರೆದುಕೊಂಡು, ನನ್ನ ನಂಬರ್ ಕೇಳಿದರು. ನಾಲ್ಕು ದಿನಗಳ ನಂತರ ಫೋನ್ ಮಾಡಿ, ಮರುತರಬೇತಿಗೆ ಹಣ ಎಲ್ಲಿಂದ ತರುತ್ತೇವೆಂದು ವಿವರಿಸಿದರು. ಅವರ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಿಲ್ಲ. ಮತ ಮಾತ್ರ ಅವರಿಗೇ ಹಾಕಿದೆ.

ಸೋತ ಪಕ್ಷದ ಮತವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಮತ ಎಲ್ಲಿಗೆ ಜಾರಿತು ಎಂದು ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ನೋಡುವವರು ದೊಡ್ಡ ಪಕ್ಷದವರೇ. ನ್ಯೂಜಿಲೆಂಡಿನ ವ್ಯಾಲ್ಯೂಸ್ ಎಂಬ ಪರಿಸರವಾದಿ ಪಕ್ಷ 1975ರಲ್ಲಿ ಶೇ 5ಕ್ಕಿಂತ ತುಸು ಹೆಚ್ಚು ಮತ ಪಡೆದರೂ ಸಂಸತ್ತಿನಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ದೇಶ ಅಣ್ವಸ್ತ್ರಮುಕ್ತವಾಗಬೇಕೆಂದು ಅದು ಪ್ರತಿಪಾದಿಸುತ್ತಿತ್ತು. 1987ರಲ್ಲಿ ಲೇಬರ್ ಸರ್ಕಾರ ಅದನ್ನೇ ಕಾನೂನು ಮಾಡಿತು. ಅದಕ್ಕೆ ದೊಡ್ಡ ಜನಚಳವಳಿಯ ಬಲವೂ ಇತ್ತು. ಆದರೆ ಆ ಮಾತನ್ನು ಮತಪೆಟ್ಟಿಗೆಯ ತನಕ ಮೊದಲು ಒಯ್ದವರಲ್ಲಿ ಆ ಸಣ್ಣ ಪಕ್ಷದವರೂ ಇದ್ದರು.

ನಿಮ್ಮ ಕ್ಷೇತ್ರದಲ್ಲಿ ಕಳೆದ ಸಲ ಗೆದ್ದವರು, ಎರಡನೆಯವರು ಮತ್ತು ಈ ಪಕ್ಷದವರು ಪಡೆದ ಮತಗಳೆಷ್ಟು? ಆ ಮೂರು ಅಂಕಿಗಳನ್ನು ತಿಳಿಸಿದರೆ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನೇರವಾಗಿ ಹೇಳುತ್ತೇನೆ.