ಹೋಮ್‌ಸ್ಟೇ ಸೈಟಿಗೆ ಜನ ಬರುತ್ತಾರೆ, ಫೋನ್ ಮಾಡಲ್ಲ: ಮುಖಪುಟದಲ್ಲಿ ಏನು ಬದಲಿಸಬೇಕು?
ಸಕಲೇಶಪುರದ ನಿಮ್ಮ ಹೋಮ್‌ಸ್ಟೇ ಸೈಟ್ ನೋಡಿದವರು ಕರೆ ಮಾಡದಿರುವುದಕ್ಕೆ ಕಾರಣ ಬಹುಶಃ ಮುಖಪುಟದ ಮೇಲ್ಭಾಗದಲ್ಲಿ ಒಂದಾದ ಮೇಲೊಂದು ಸರಿಯುವ ಐದು ಫೋಟೊಗಳ ಸ್ಲೈಡರ್. ಮೊಬೈಲಿನ ಮೊದಲ ಪರದೆಯನ್ನೆಲ್ಲ ಅದೇ ನುಂಗಿಬಿಟ್ಟಿದೆ. ಯಾವ ಊರು, ಬಾಡಿಗೆ ಎಷ್ಟು, ಯಾರನ್ನು ಕೇಳಬೇಕು, ಒಂದೂ ಕಾಣಲ್ಲ.

ಮೊದಲು ಸ್ಲೈಡರ್ ತೆಗೆಯಿರಿ. ಒಂದೇ ಫೋಟೊ ಸಾಕು, ಜನ ಕೂತು ಕಾಫಿ ಕುಡಿಯುತ್ತಿರುವ ಜಗಲಿಯದ್ದಾದರೆ ಇನ್ನೂ ಒಳ್ಳೆಯದು. ಅದನ್ನು ವೆಬ್‌ಪಿ (ಫೈಲ್ ಗಾತ್ರ ಚಿಕ್ಕದಾಗುವ ಫೋಟೊ ಫಾರ್ಮ್ಯಾಟ್) ಮಾಡಿ, 200 ಕೆಬಿ ಒಳಗೆ ಇಳಿಸಿ. ಕ್ಯಾಮೆರಾದಿಂದ ಬಂದ 5 ಎಂಬಿ ಫೋಟೊ ಘಾಟಿಯ ನೆಟ್‌ವರ್ಕಿನಲ್ಲಿ ತೆರೆಯುವಷ್ಟರಲ್ಲಿ ಜನ ಹೊರಟೇ ಹೋಗಿರುತ್ತಾರೆ.

ಆಮೇಲೆ ‘ನಮ್ಮ ತಾಣಕ್ಕೆ ಸುಸ್ವಾಗತ’ ಅನ್ನುವುದನ್ನು ಅಳಿಸಿ. ಆ ಜಾಗದಲ್ಲಿ ‘ಸಕಲೇಶಪುರದ ಕಾಫಿ ತೋಟದಲ್ಲಿ 4 ಕೋಣೆ, ಊಟ ಸೇರಿ ಒಬ್ಬರಿಗೆ ಇಷ್ಟು’ ಅಂತ ನಿಜವಾದ ದರದ ಜೊತೆ ಬರೆಯಿರಿ. ಸುಮ್ನೆ ‘ದರಕ್ಕೆ ಸಂಪರ್ಕಿಸಿ’ ಅಂದರೆ ಜಾಸ್ತಿ ಜನ ಬೇರೆ ಸೈಟಿಗೆ ಹೋಗುತ್ತಾರೆ, ನಾನು ಕಂಡಂತೆ.

ಅದರ ಕೆಳಗೇ ಫೋನ್ ಬಟನ್, ಪಕ್ಕದಲ್ಲಿ ವಾಟ್ಸಾಪ್. ನಂಬರ್ ಚಿತ್ರದೊಳಗೆ ಇರಬಾರದು, ಒತ್ತಿದರೆ ಕರೆ ಹೋಗಬೇಕು.

ಇಷ್ಟಾದ ಮೇಲೆ, ಸೈಟ್ ನೋಡಿರದ ಒಬ್ಬರಿಗೆ ಐದು ಸೆಕೆಂಡ್ ತೋರಿಸಿ ಮೊಬೈಲ್ ವಾಪಸ್ ತಗೊಳ್ಳಿ. ಊರು, ದರ ಎರಡನ್ನೂ ಹೇಳಿದರೆ ಸರಿಯಿದೆ. ತಡವರಿಸಿದರೆ ಆ ಸಾಲಿನ ಅಕ್ಷರ ದೊಡ್ಡದು ಮಾಡಿ.